ಸಾಂಕ್ರಾಮಿಕ ಕಾಲದಲ್ಲಿ ಲಸಿಕೆಯನ್ನು ಕುರಿತ ಶಂಕೆ

ಸಿಡುಬಿನ ಬೇನೆಗೆ ಕನ್ನಡ ನಾಡಿನಲ್ಲಿ ‘ಅಮ್ಮ’, ‘ದೇವಿ’ ಎಂಬ ಹೆಸರುಗಳು ರೂಢಿಯಲ್ಲಿದ್ದುವು. ಅದನ್ನು ತಡೆಯುವ ಲಸಿಕೆಯು ಬಂದಾಗ ಜನರು ಅದನ್ನೂ ‘ದೇವಿ ಹಾಕುವುದು’ ಎಂದೇ ಕರೆದರು. ರೋಗಕ್ಕೂ ಅದರ ನಿವಾರಣೋಪಾಯಕ್ಕೂ ಒಂದೇ ಹೆಸರು ಸಂದ ಈ ಪ್ರಯೋಗವನ್ನು ನೋಡಿದರೆ, ಹೊಸ ಉಪಾಯವನ್ನು ಜನರು ತಮ್ಮ ನಂಬಿಕೆಯೊಳಗೆ ಸೇರಿಸಿಕೊಳ್ಳಬಲ್ಲವರಾಗಿದ್ದರೆಂಬುದು ವ್ಯಕ್ತವಾಗುತ್ತದೆ. ಆದುದರಿಂದ ಲಸಿಕೆಗೆ ಹಿಂಜರಿಯುವುದು ಕೇವಲ ಮೌಢ್ಯದ ಫಲವೆಂದು ಹೇಳಿಬಿಡುವುದು ಯುಕ್ತವಲ್ಲ.

ಹಿಂಜರಿಕೆಯ ನಿಜವಾದ ಕಾರಣಗಳು ಪ್ಲೇಗಿನ ಇತಿಹಾಸದಲ್ಲಿ ಸ್ಫುಟವಾಗಿ ಕಾಣುತ್ತವೆ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಈ ರೋಗಕ್ಕೆ ಹಾಫ್‌ಕಿನ್ನನು 1897ರಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಆದರೆ ಅದೇ ವರ್ಷ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ಮನೆಗಳನ್ನು ಹೊಕ್ಕು ಶೋಧಿಸಿ, ರೋಗಿಗಳನ್ನು ಬಂಧುಗಳಿಂದ ಅಗಲಿಸಿ ಒಯ್ದರು. ಆ ಬಲಾತ್ಕಾರದ ಭಯವು ಸೂಜಿಗೂ ಅಂಟಿಕೊಂಡಿತು. ಇದು ಮೊದಲನೆಯ ಕಾರಣ. ಚುಚ್ಚಿಸಿಕೊಂಡವರಿಗೆ ಜ್ವರವೂ ತೋಳಿನ ಬಾವೂ ಬಂದು ದುಡಿಮೆ ತಪ್ಪುತ್ತಿದ್ದುದು ಎರಡನೆಯದು. ಪ್ರಮಾದಗಳಿಂದ ಹುಟ್ಟಿದ ವದಂತಿ ಮೂರನೆಯದು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದು ಸೀಸೆಯ ಲಸಿಕೆಯು ಕಲುಷಿತವಾಗಿದ್ದು, ಅದನ್ನು ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಹಾಫ್‌ಕಿನ್ನನ ಮೇಲಿನ ಆರೋಪವು ನೀಗಿದುದು 1907ರಲ್ಲಿ. ವದಂತಿಗಾದರೋ ಅಷ್ಟು ಕಾಲ ಬೇಕಾಗಲಿಲ್ಲ.

ಇಷ್ಟಾದರೂ 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನರು ಲಸಿಕೆಯನ್ನು ಪಡೆದರು. ಪಡೆದವರಲ್ಲಿ ಸಾವು ಕಡಮೆಯಾಗಿದ್ದುದನ್ನು ವೈದ್ಯಾಧಿಕಾರಿ ಲ್ಯೂಮನ್ನನು ಗುರುತಿಸಿದನು. ಒಂದೇ ಊರಿನಲ್ಲಿ ಚುಚ್ಚಿಸಿಕೊಂಡ ಮನೆಯನ್ನೂ ಚುಚ್ಚಿಸಿಕೊಳ್ಳದ ಮನೆಯನ್ನೂ ಹೋಲಿಸಿ ನೋಡುವ ಅವಕಾಶವು ಜನರಿಗೂ ದೊರೆತಿತ್ತು.

ಹುಬ್ಬಳ್ಳಿಗೆ ಮೂಡಲಲ್ಲಿರುವ ಯಲಬುರ್ಗಾ ಸೀಮೆಯ ಬೇವೂರಿನ ಕಡೆಗೆ ಈ ದೃಷ್ಟಿಯಿಂದ ನೋಡಬೇಕು. ಭಾರತದಲ್ಲಿ ಕೋವಿಡ್ ಲಸಿಕೆಯ ವಿತರಣವು 2021ರ ಜನವರಿ 16ರಂದು ಆರಂಭವಾಯಿತು. ಮಳೆಯನ್ನೂ ಕೂಲಿಯನ್ನೂ ನಂಬಿದ ಇಂತಹ ಸೀಮೆಯಲ್ಲಿ ಎರಡು ದಿನದ ಜ್ವರವೆಂದರೆ ಎರಡು ದಿನದ ಗಳಿಕೆಯ ನಷ್ಟ. ಲಸಿಕೆ ಪಡೆದವರಿಗೂ ಸೋಂಕು ತಗಲಬಹುದೆಂಬುದನ್ನು ಮುಂಚಿತವಾಗಿ ತಿಳಿಸದಿದ್ದರೆ, ತಗಲಿದಾಗ ಲಸಿಕೆಯೇ ಸುಳ್ಳೆಂದು ತೋರುವುದು ಸಹಜ. ಬಂಜೆತನ ಬರುವುದೆಂಬಂತಹ ಆಧಾರವಿಲ್ಲದ ವದಂತಿಗಳು ಇಂತಹ ಶಂಕೆಯ ನೆಲದಲ್ಲಿಯೇ ಬೇರೂರುತ್ತವೆ.

ಶಂಕಿಸುವವನನ್ನು ಮೂಢನೆಂದು ಭಾವಿಸಿದರೆ ಉಳಿಯುವ ಉಪಾಯವು ದಂಡನೆಯೊಂದೇ. ದಂಡನೆಯು ಮೊದಲನೆಯ ಕಾರಣವನ್ನೇ ಬಲಪಡಿಸುತ್ತದೆ. ಜ್ವರ ಬರಬಹುದೆಂದು ಮೊದಲೇ ಹೇಳುವುದು, ತಪ್ಪಿದ ಕೂಲಿಯನ್ನು ತುಂಬಿಕೊಡುವುದು, ಊರಿಗೆ ಪರಿಚಿತಳಾದ ಆಶಾ ಕಾರ್ಯಕರ್ತೆಯ ಬಾಯಿಂದ ವಿಷಯವನ್ನು ತಿಳಿಸುವುದು, ಇವು ಶಂಕೆಯನ್ನು ನೀಗುವ ಮಾರ್ಗಗಳು.