ಇಂಜೆಕ್ಷನ್‌ಗೂ ಮೊದಲು ಒಂದು ಹನಿ ರಕ್ತ

ಮಿಶ್ರತಳಿ ಹಸುವೊಂದು ಮೇವು ಬಿಟ್ಟಿದೆ, ಮೆಲುಕು ನಿಲ್ಲಿಸಿದೆ, ಹಾಲು ಅರ್ಧಕ್ಕಿಳಿದಿದೆ. ಥರ್ಮಾಮೀಟರ್ ಇಟ್ಟರೆ 105 ಡಿಗ್ರಿ; ಹಸುವಿನ ಮಾಮೂಲಿ ತಾಪಮಾನ 101ರ ಆಸುಪಾಸು. ಇಂಥ ಸಂದರ್ಭದಲ್ಲಿ ಕೊಟ್ಟಿಗೆಗೆ ಬರುವ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ: ಜ್ವರ ಇಳಿಸುವ ಒಂದು ಇಂಜೆಕ್ಷನ್, ಜೊತೆಗೊಂದು ಆಂಟಿಬಯೋಟಿಕ್. ಎರಡು ದಿನದಲ್ಲಿ ಗುಣ ಕಾಣದಿದ್ದರೆ ಇನ್ನೊಂದು ಆಂಟಿಬಯೋಟಿಕ್. ಆಮೇಲೂ ಹಸು ಎದ್ದು ನಿಲ್ಲದಿದ್ದರೆ ಮಾತ್ರ 'ರಕ್ತ ಪರೀಕ್ಷೆ ಮಾಡಿಸೋಣ' ಎಂಬ ಮಾತು ಬರುತ್ತದೆ. ಎಡವಟ್ಟು ಇರುವುದು ಈ ಸರದಿಯಲ್ಲೇ. ಮೊದಲ ಇಂಜೆಕ್ಷನ್‌ಗೂ ಮುಂಚೆ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಕಾರಣ ಸರಳ. ಹೊರಗೆ ಒಂದೇ ಥರ ಕಾಣುವ ಈ ಜ್ವರದ ಹಿಂದೆ ಬೇರೆಬೇರೆ ರೋಗಗಳಿರಬಹುದು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಉಣ್ಣೆಗಳಿಂದ ಹರಡುವ ಥೈಲೇರಿಯಾ ಬಂದರೆ ಬೇಕಾದದ್ದು ಬುಪಾರ್ವಾಕ್ವೋನ್, ಅದು ದುಬಾರಿ ಔಷಧ. ಉಣ್ಣೆಯಿಂದಲೇ ಬರುವ ಬೇಬಿಸಿಯಾಕ್ಕೆ ಡಿಮಿನಜೀನ್. ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಮೂರು ದಿನದ ಜ್ವರವಾದರೆ ಅದು ವೈರಸ್ಸಿನದು. ನೋವು ಕಡಿಮೆ ಮಾಡಿ, ನೀರು ನೆರಳು ಕೊಟ್ಟು ಕಾದರೆ ಬಹುತೇಕ ಹಸುಗಳು ತಾವಾಗಿಯೇ ಸುಧಾರಿಸಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಡಿ ಈ ಪರೋಪಜೀವಿಗಳ ಗುರುತು ಬೇರೆಬೇರೆ. ಕೆಂಪು ರಕ್ತಕಣದೊಳಗೆ ಜೋಡಿ ಪಿಯರ್ ಹಣ್ಣಿನಂತೆ ಕೂತದ್ದು ಬೇಬಿಸಿಯಾ. ಕಣದ ಅಂಚಿಗೆ ಅಂಟಿದ ಚುಕ್ಕೆ ಅನಾಪ್ಲಾಸ್ಮಾ. ಸಣ್ಣ ಉಂಗುರ ಅಥವಾ ಅಲ್ಪವಿರಾಮದ ಆಕಾರ ಥೈಲೇರಿಯಾ. ಇದಕ್ಕೆ ಬೇಕಾದ ಸಾಮಗ್ರಿ ಸ್ಲೈಡು, ಮೆಥನಾಲ್, ಜೀಮ್ಸಾ ಬಣ್ಣ, ಎಣ್ಣೆ ಹಾಕಿ ನೋಡುವ ಮಸೂರ ಇಷ್ಟೇ. ಹೊಸ ವಿದ್ಯೆಯೂ ಅಲ್ಲ. ಉಣ್ಣೆಯಿಂದ ದನಗಳಿಗೆ ರೋಗ ಅಂಟುತ್ತದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟದ್ದು 1893ರಲ್ಲಿ. ಅವರು ಬೆನ್ನು ಹತ್ತಿದ್ದು ಬೇಬಿಸಿಯಾವನ್ನೇ.

ಕಣ್ಣಳತೆಯಲ್ಲೇ ರೋಗ ಹೇಳುವ ಅನುಭವಿ ವೈದ್ಯರಿದ್ದಾರಲ್ಲ ಎನ್ನಬಹುದು. ಇದ್ದಾರೆ, ಅವರ ಕಣ್ಣಿಗೆ ಬೆಲೆಯೂ ಇದೆ. ಊದಿದ ದುಗ್ಧಗ್ರಂಥಿ, ಮೈಮೇಲಿನ ಉಣ್ಣೆ, ಬಿಳಿಚಿದ ಕಣ್ಣೊಳಪದರ ಕಂಡೊಡನೆ ಅವರಿಗೆ ಥೈಲೇರಿಯಾದ ಅನುಮಾನ ಹುಟ್ಟುತ್ತದೆ. ಆದರೆ ಲಕ್ಷಣಗಳು ಮೋಸ ಮಾಡುತ್ತವೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೇಬಿಸಿಯಾ ಎಂದು ಹೇಳುವುದು ಸುಲಭ. ಕರು ಹಾಕಿದ ಕೆಲವು ವಾರಗಳಲ್ಲಿ ರಂಜಕದ ಕೊರತೆಯಿಂದಲೂ ಹಾಗೇ ಆಗುತ್ತದೆ, ಆಗ ಡಿಮಿನಜೀನ್ ಕೊಟ್ಟು ಪ್ರಯೋಜನವಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಪ್ರಯೋಗಾಲಯ ದೂರ, ವರದಿ ಬರುವಷ್ಟರಲ್ಲಿ ಹಸು ಉಳಿಯಬೇಕಲ್ಲ? ಹಾಲೇ ಸಂಸಾರ ನಡೆಸುವ ಮನೆಯಲ್ಲಿ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ವರದಿಗಾಗಿ ಚಿಕಿತ್ಸೆ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಮಾದರಿ ತೆಗೆದುಕೊಂಡ ಮರುಕ್ಷಣವೇ ಮದ್ದು ಕೊಡಬಹುದು. ಸ್ಲೈಡನ್ನು ಗಾಳಿಗೆ ಒಣಗಿಸಿ, ನೊಣ ಮುತ್ತದಂತೆ ಕಾಗದದಲ್ಲಿ ಸುತ್ತಿದರೆ (ಹಸಿ ರಕ್ತವನ್ನು ನೊಣ ನೆಕ್ಕಿಬಿಡುತ್ತದೆ!) ತಾಲ್ಲೂಕು ಆಸ್ಪತ್ರೆ ತಲುಪುವವರೆಗೆ ಕೆಡದು. ಮೊದಲು ಮದ್ದು ಕೊಟ್ಟು ಆಮೇಲೆ ರಕ್ತ ತೆಗೆದರೆ ಪರೋಪಜೀವಿಗಳು ರಕ್ತದಿಂದ ಮರೆಯಾಗಿರಬಹುದು, ಸ್ಲೈಡು ಮೂಕವಾಗಬಹುದು.

ಹಾಗೆಂದು ಪ್ರಯೋಗಾಲಯದ ಮಾತೇ ಅಂತಿಮವಲ್ಲ. ಥೈಲೇರಿಯಾದಿಂದ ಚೇತರಿಸಿಕೊಂಡ ಹಸುವಿನ ರಕ್ತದಲ್ಲಿ ಆ ಜೀವಿ ವರ್ಷಗಟ್ಟಲೆ ಅಲ್ಲೊಂದು ಇಲ್ಲೊಂದು ಉಳಿದಿರುತ್ತದೆ. ಇಂದಿನ ಜ್ವರ ಬೇರಾವುದರದೋ ಇರಬಹುದು, ಸ್ಲೈಡಿನಲ್ಲಿ ಹಳೇ ಅತಿಥಿ ಕಾಣಿಸಿಕೊಳ್ಳಬಹುದು. ಎಷ್ಟು ಕಣಗಳಲ್ಲಿದೆ, ಹಸುವಿಗೆ ರಕ್ತಹೀನತೆ ಇದೆಯೇ, ಗ್ರಂಥಿ ಊದಿದೆಯೇ ಎಂಬುದನ್ನು ಕೂಡಿಸಿಯೇ ಓದಬೇಕು. ಅಂದರೆ ಪರೀಕ್ಷೆ ವೈದ್ಯರ ಬುದ್ಧಿಗೆ ಬದಲಿಯಲ್ಲ. ಆ ಬುದ್ಧಿಗೆ ಕೆಲಸ ಕೊಡುವ ಸಾಕ್ಷ್ಯ.

ಕೆಚ್ಚಲು ಬಾವಿನಲ್ಲಿ ಮೊದಲು ಮಾದರಿ, ಆಮೇಲೆ ಮದ್ದು ಎಂಬ ಸರದಿ ಇನ್ನೂ ಮುಖ್ಯ. ಯಾವ ಬ್ಯಾಕ್ಟೀರಿಯಾ, ಅದನ್ನು ಯಾವ ಆಂಟಿಬಯೋಟಿಕ್ ತಡೆಯುತ್ತದೆ ಎಂದು ಹಾಲಿನಲ್ಲಿರುವುದನ್ನು ಬೆಳೆಸಿ ನೋಡಿ ಹೇಳಲು ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಶುರು ಮಾಡಿದ ಮದ್ದು ನಾಟದಿದ್ದರೆ ಬದಲಿಸಲು ಈ ವರದಿಯೇ ಆಧಾರ. ಅದಿಲ್ಲದೆ ಮದ್ದು ಬದಲಿಸುತ್ತಾ ಹೋದರೆ ಹಾಲಿಗೆ ಔಷಧದ ಅಂಶ ಸೇರುತ್ತದೆ, ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುತ್ತದೆ. ಮೊಲೆತೊಟ್ಟು ಒರೆಸಿ, ಸ್ಪಿರಿಟ್ ಹಚ್ಚಿ, ಮೊದಲ ಕೆಲವು ಧಾರೆ ಚೆಲ್ಲಿ, ಶುದ್ಧ ಸೀಸೆಗೆ ಹಾಲು ಹಿಡಿದು ಐಸಿನಲ್ಲಿಟ್ಟು ಕಳಿಸಬೇಕು. ಜೊತೆಯ ಚೀಟಿಯಲ್ಲಿ ಯಾವ ತೊಟ್ಟಿನ ಹಾಲು, ಈಗಾಗಲೇ ಯಾವ ಔಷಧ ಕೊಟ್ಟಾಗಿದೆ ಎಂದು ಬರೆದಿರಬೇಕು. ಇಲ್ಲದಿದ್ದರೆ ಪ್ರಯೋಗಾಲಯದವರು 'ಏನೂ ಬೆಳೆಯಲಿಲ್ಲ' ಎಂದು ಬರೆದದ್ದನ್ನು ಹಸುವಿನ ಮನೆಯವರು 'ರೋಗವಿಲ್ಲ' ಎಂದು ಓದಿಕೊಂಡುಬಿಡುತ್ತಾರೆ.