ದೋಣಿಯ ತೊಟ್ಟಿಯಲ್ಲಿ ಮೀನಿನ ಉಸಿರು

ಹಿಡಿದ ಮೀನನ್ನು ಜೀವಂತವಾಗಿಯೇ ದಡಕ್ಕೆ ತರಬೇಕೆಂಬ ಆಸೆ ಹೊಸದಲ್ಲ. ಬೆಸ್ತರಿಗೆ ಅದು ಲಾಭದ ವಿಷಯ; ಸತ್ತ ಮೀನು ಬಿಸಿಲಿನಲ್ಲಿ ಕೆಲವೇ ಗಂಟೆಗಳೊಳಗೆ ಕೆಡುವುದು, ಬದುಕಿರುವ ಮೀನಿಗೆ ಒಳ್ಳೆಯ ಬೆಲೆ ಬರುವುದು. ವಿನೋದಕ್ಕಾಗಿ ಗಾಳ ಹಾಕುವವರಿಗಾದರೋ ಅದು ನ್ಯಾಯದ ವಿಷಯ. ಹಿಡಿದು, ತೂಗಿ, ಮರಳಿ ನೀರಿಗೆ ಬಿಡುತ್ತೇವೆಂದು ಹೇಳುವವರು ಆ ಮೀನು ನಿಜವಾಗಿಯೂ ಬದುಕುವಂತೆ ನೋಡಿಕೊಳ್ಳಬೇಕಷ್ಟೆ. ಈ ಎರಡು ಬಗೆಯವರೂ ನೆಚ್ಚಿಕೊಂಡ ಸಾಧನವೊಂದೇ: ದೋಣಿಯೊಳಗಣ ನೀರಿನ ತೊಟ್ಟಿ. ಅದರಲ್ಲಿ ಮೀನು ಏಕೆ ಬದುಕುವುದು, ಏಕೆ ಸಾಯುವುದು ಎಂಬುದನ್ನು ನಾವು ಈ ದಿನ ವಿಚಾರ ಮಾಡೋಣ.

ಉತ್ತರ ಸಮುದ್ರದ ಮೀನುಗಾರರು ಈ ತೊಟ್ಟಿಯನ್ನು ಬಹಳ ಸರಳವಾದ ಉಪಾಯದಿಂದ ಕಟ್ಟಿದರು. ಹಡಗಿನ ನಡುವೆ ನೀರು ದಾಟದಂತೆ ಎರಡು ಅಡ್ಡಗೋಡೆಗಳನ್ನು ನಿಲ್ಲಿಸಿ, ಅವುಗಳ ನಡುವಣ ತಳದ ಹಲಗೆಗಳಲ್ಲಿ ರಂಧ್ರಗಳನ್ನು ಕೊರೆಯುತ್ತಿದ್ದರು. ಹಡಗು ಅಲೆಯ ಮೇಲೆ ಏರಿ ಇಳಿದಂತೆಲ್ಲ ಸಮುದ್ರದ ನೀರು ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಇಂಗ್ಲೆಂಡಿನ ಹಾರ್ವಿಚ್ ಬಂದರಿನಲ್ಲಿ ಇಂತಹ ಹಡಗುಗಳು ೧೭೧೨ರ ಸುಮಾರಿಗೆ ಬಳಕೆಗೆ ಬಂದುವು. ಲಂಡನ್ನಿಗೆ ಹೋಗುವ ಕಾಡ್ ಮೀನು ಹೀಗೆ ಜೀವಂತವಾಗಿ ಪ್ರಯಾಣ ಮಾಡುತ್ತಿತ್ತು. ಆದರೆ ಆ ಹಡಗುಗಳು ಥೇಮ್ಸ್ ನದಿಯಲ್ಲಿ ಗ್ರೇವ್ಸೆಂಡ್‌ನಿಂದ ಮೇಲಕ್ಕೆ ಬರುತ್ತಿರಲಿಲ್ಲ. ಮುಂದೆ ಬಂದರೆ ನದಿಯ ಸಿಹಿನೀರು ರಂಧ್ರಗಳಿಂದ ಒಳಹೊಕ್ಕು ಕಡಲಿನ ಮೀನನ್ನು ಕೊಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಮಂಜುಗಡ್ಡೆಯೂ ರೈಲೂ ಬಂದ ಮೇಲೆ ಈ ಪದ್ಧತಿ ಕ್ರಮೇಣ ಹಿಂದೆ ಬಿದ್ದಿತು.

ತೊಟ್ಟಿಗೆ ಮತ್ತೆ ಪ್ರಾಮುಖ್ಯ ಬಂದುದು ಅಮೆರಿಕದ ಸರೋವರಗಳಲ್ಲಿ. ಅಲ್ಲಿ ದೊಡ್ಡಬಾಯಿಯ ಬ್ಯಾಸ್ ಎಂಬ ಸಿಹಿನೀರಿನ ಮೀನನ್ನು ಗಾಳದಿಂದ ಹಿಡಿಯುವ ಪಂದ್ಯಗಳನ್ನು ರೇ ಸ್ಕಾಟ್ ಎಂಬವರು ೧೯೬೭ರಲ್ಲಿ ಆರಂಭಿಸಿದರು. ಹಿಡಿದ ಮೀನುಗಳು ರಾಶಿರಾಶಿಯಾಗಿ ಸಾಯುವುದನ್ನು ಕಂಡು ಜನ ಆಕ್ಷೇಪಿಸಿದರು. ೧೯೭೨ರಲ್ಲಿ ಅವರು ಮೀನನ್ನು ಜೀವಂತವಾಗಿ ತಂದು ತೂಗಿಸಿ ಬಿಡುವ ನಿಯಮವನ್ನು ತಮ್ಮ ಪಂದ್ಯಗಳಲ್ಲಿ ತಂದರು. ಅಂದಿನಿಂದ ಪಂಪು ಜೋಡಿಸಿದ ತೊಟ್ಟಿ ಅಂತಹ ದೋಣಿಗಳ ಒಂದು ಅಂಗವೇ ಆಗಿಹೋಯಿತು.

ಮೀನಿಗೆ ನೀರಿದ್ದರೆ ಸಾಕು ಎಂದು ಅನೇಕರು ತಿಳಿದಿರುವರು. ಮೀನಿಗೆ ಬೇಕಾದುದು ನೀರಿನಲ್ಲಿ ಕರಗಿರುವ ಆಮ್ಲಜನಕ. ಅದು ನೀರಿನಲ್ಲಿರುವುದು ಅತ್ಯಲ್ಪ. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೧೦ ಮಿಲಿಲೀಟರ್ ಆಮ್ಲಜನಕವಿದ್ದರೆ, ಒಂದು ಲೀಟರ್ ತಂಪಾದ ಸಿಹಿನೀರಿನಲ್ಲಿ ಆರೇಳು ಮಿಲಿಲೀಟರ್ ಮಾತ್ರ ಇರುವುದು. ನೀರು ಬೆಚ್ಚಗಾದಂತೆಲ್ಲ ಅದೂ ಕಡಿಮೆಯಾಗುವುದು. ಸೆಂಟಿಗ್ರೇಡ್ ೧೦ ಡಿಗ್ರಿಯಲ್ಲಿ ಲೀಟರಿಗೆ ೧೧ ಮಿಲಿಗ್ರಾಂಗಿಂತ ಹೆಚ್ಚು ಹಿಡಿಯುವ ನೀರು ೨೦ ಡಿಗ್ರಿಯಲ್ಲಿ ೯ನ್ನೂ ೩೦ ಡಿಗ್ರಿಯಲ್ಲಿ ಏಳೂವರೆಯನ್ನೂ ಮಾತ್ರ ಹಿಡಿಯಬಲ್ಲುದು. ಅತ್ತ ಮೀನಿನ ಮೈಯಾದರೋ ನೀರಿನೊಡನೆಯೇ ಬಿಸಿಯೇರುವುದು. ಹತ್ತು ಡಿಗ್ರಿ ಏರಿದರೆ ಅದರ ಉಸಿರಿನ ಅವಶ್ಯಕತೆ ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಹೀಗೆ ಬೇಸಗೆಯಲ್ಲಿ ಆದಾಯ ತಗ್ಗಿ ಖರ್ಚು ಹೆಚ್ಚುವುದು.

ಒಂದು ಲೆಕ್ಕವನ್ನು ನೋಡೋಣ. ನೂರು ಲೀಟರಿನ ತೊಟ್ಟಿಯಲ್ಲಿ ೩೦ ಡಿಗ್ರಿಯ ನೀರು ತುಂಬಿದೆಯೆಂದು ಇಟ್ಟುಕೊಳ್ಳಿ. ಅದರಲ್ಲಿರುವ ಆಮ್ಲಜನಕ ಒಟ್ಟು ೭೫೦ ಮಿಲಿಗ್ರಾಂ. ಲೀಟರಿಗೆ ೫ ಮಿಲಿಗ್ರಾಂಗಿಂತ ಕೆಳಗಿಳಿದರೆ ಬ್ಯಾಸ್ ಮೀನಿಗೆ ಸಂಕಟ ಆರಂಭವಾಗುವುದರಿಂದ, ನಿರ್ಭಯವಾಗಿ ವ್ಯಯಮಾಡಬಹುದಾದುದು ೨೫೦ ಮಿಲಿಗ್ರಾಂ ಮಾತ್ರ. ಲೀಟರಿಗೆ ಸುಮಾರು ೧೨೦ ಗ್ರಾಂ ಮೀನು ಎಂಬುದು ರೂಢಿಯ ಮಿತಿ. ಅದರಂತೆ ತೊಟ್ಟಿಯಲ್ಲಿ ೧೨ ಕಿಲೋಗ್ರಾಂ ಮೀನಿದೆ. ಕಿಲೋಗ್ರಾಂ ಮೀನಿಗೆ ಗಂಟೆಗೆ ೧೦೦ ಮಿಲಿಗ್ರಾಂ ಎಂದು ಬಹಳ ಕಡಿಮೆಯಾಗಿ ಎಣಿಸಿದರೂ ಆ ೨೫೦ ಮಿಲಿಗ್ರಾಂ ಹನ್ನೆರಡು ಹದಿಮೂರು ನಿಮಿಷಗಳಲ್ಲಿ ಮುಗಿದುಹೋಗುವುದು! ಗಾಳದೊಡನೆ ಹೋರಾಡಿ ಬಂದ ಮೀನಂತೂ ಇನ್ನೂ ಹೆಚ್ಚು ಬೇಡುವುದು. ಅದರ ಮಾಂಸಖಂಡಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿರುವುದು; ಆ ಆಯಾಸ ಕಳೆಯಲು ಗಂಟೆಗಳೇ ಬೇಕು. ಬ್ಯಾಟರಿಯನ್ನು ಉಳಿಸಬೇಕೆಂದು ಪಂಪನ್ನು ಆಗಾಗ ನಿಲ್ಲಿಸುವವರು ಈ ಹನ್ನೆರಡು ನಿಮಿಷಗಳನ್ನು ಮರೆಯಲಾಗದು.

ಪಂಪು ಎರಡು ರೀತಿಯಿಂದ ಕೆಲಸಮಾಡುವುದು. ಒಂದರಲ್ಲಿ ಸರೋವರದ ನೀರು ಎಡೆಬಿಡದೆ ಒಳಗೆ ಬಂದು ಹಳೆಯ ನೀರು ಹೊರಗೆ ಹರಿಯುವುದು. ಇನ್ನೊಂದರಲ್ಲಿ ತೊಟ್ಟಿಯ ನೀರೇ ಸುತ್ತಿ ಸುತ್ತಿ ತುಂತುರಾಗಿ ಬಿದ್ದು ಗಾಳಿಯನ್ನು ಸೇರಿಸಿಕೊಳ್ಳುವುದು. ಸರೋವರದ ನೀರು ತಂಪಾಗಿರುವಾಗ ಮೊದಲನೆಯದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಅದರಲ್ಲಿ ಕೊಳೆಯೂ ನಿಲ್ಲುವುದಿಲ್ಲ. ಬೇಸಗೆಯ ಮಧ್ಯಾಹ್ನ ಮೇಲ್ಭಾಗದ ನೀರೇ ಕುದಿದಂತಿರುವಾಗ ಎರಡನೆಯದನ್ನು ಹಿಡಿದು, ಮಂಜುಗಡ್ಡೆಯಿಂದ ತೊಟ್ಟಿಯನ್ನು ತಂಪುಮಾಡಬೇಕು. ಆದರೆ ಸರೋವರಕ್ಕಿಂತ ಸುಮಾರು ೫ ಡಿಗ್ರಿಗಿಂತ ಹೆಚ್ಚು ತಗ್ಗಿಸಕೂಡದು, ತಣಿಸುವುದೂ ನಿಧಾನವಾಗಿರಬೇಕು. ಹಠಾತ್ತಾಗಿ ಬಂದ ತಂಪೂ ಮೀನಿಗೆ ಒಂದು ಪೆಟ್ಟೇ.

ನೀರು ಸುತ್ತುತ್ತಲೇ ಇದ್ದರೆ ಮತ್ತೊಂದು ಕೇಡುಂಟು. ಮೀನು ತನ್ನ ಕಿವಿರುಗಳಿಂದ ಇಂಗಾಲಾಮ್ಲವನ್ನೂ ಅಮೋನಿಯವನ್ನೂ ಹೊರಹಾಕುವುದು. ಶುದ್ಧ ಆಮ್ಲಜನಕವನ್ನು ಸೀಸೆಯಿಂದ ಬಿಟ್ಟು ಮುಚ್ಚಳ ಬಿಗಿದವರು, ಉಸಿರಿಗೆ ಕೊರತೆಯಿಲ್ಲವೆಂದು ನೆಮ್ಮದಿಯಾಗಿರುವಾಗಲೇ ಇಂಗಾಲಾಮ್ಲ ಒಳಗೆ ಸೇರುತ್ತಿರುವುದು. ಆದಕಾರಣ ಕೆಲವು ಗಂಟೆಗಳಿಗೊಮ್ಮೆ ಅರ್ಧ ನೀರನ್ನಾದರೂ ಬದಲಿಸುವುದು ಲೇಸು. ಲೀಟರಿಗೆ ಮೂರು ಗ್ರಾಂ ಉಪ್ಪು ಬೆರೆಸುವುದೂ ಉಂಟು. ಸಿಹಿನೀರಿನ ಮೀನು ಗಾಬರಿಗೊಂಡಾಗ ಅದರ ಮೈಯೊಳಗಣ ಲವಣಗಳು ಸೋರಿಹೋಗುವುದನ್ನು ಅದು ಕೊಂಚ ತಡೆಯುವುದು.

ನಮ್ಮ ನಾಡಿನ ಸಂತೆಗಳಲ್ಲಿ ಮುಗುಡು ಮೀನು ಅಂಗೈಯಾಳದ ನೀರಿನಲ್ಲಿ ಇಡೀ ದಿನ ಹೊರಳಾಡುತ್ತ ಬದುಕಿರುವುದನ್ನು ಶ್ರೋತೃಗಳು ಕಂಡಿರಬಹುದು. ಅದನ್ನು ನೋಡಿ ಎಲ್ಲ ಮೀನುಗಳೂ ಹಾಗೆಯೇ ಎಂದೆಣಿಸಬಾರದು. ಮುಗುಡಿಗೆ ಕಿವಿರುಗಳ ಮೇಲೆ ಗಾಳಿಯನ್ನೇ ಉಸಿರಾಡುವ ಬೇರೊಂದು ಅಂಗವುಂಟು. ರೋಹು, ಕಾಟ್ಲಾಗಳಿಗೆ ಆ ಅನುಕೂಲವಿಲ್ಲ. ಅವುಗಳ ಮರಿಗಳನ್ನು ಕೆರೆಗಳಿಗೆ ಸಾಗಿಸುವವರು ಮೊದಲು ಉಪವಾಸವಿರಿಸಿ ಹೊಟ್ಟೆ ಬರಿದುಮಾಡಿಸಿ, ಚೀಲದ ಮೂರನೆಯ ಒಂದು ಪಾಲು ನೀರನ್ನೂ ಉಳಿದುದಕ್ಕೆ ಆಮ್ಲಜನಕವನ್ನೂ ತುಂಬುವುದು ಇದಕ್ಕಾಗಿಯೇ.

ಆಳದಿಂದ ಬಂದ ಮೀನಿನ ಕಷ್ಟವೇ ಬೇರೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಇಮ್ಮಡಿ. ಮೀನನ್ನು ಬೇಗನೆ ಮೇಲಕ್ಕೆಳೆದರೆ ಹೊಟ್ಟೆಯೊಳಗಣ ಗಾಳಿಚೀಲ ಇಮ್ಮಡಿ ಉಬ್ಬುವುದು. ರೋಹುವಿನಂತಹ ಮೀನುಗಳಲ್ಲಿ ಈ ಚೀಲದಿಂದ ಅನ್ನನಾಳಕ್ಕೆ ದಾರಿಯಿರುವುದರಿಂದ ಗಾಳಿ ಹೊರಬೀಳಬಹುದು. ಬ್ಯಾಸ್, ಕಾಡ್‌ಗಳಲ್ಲಿ ಅದಿಲ್ಲ. ಅವು ತೊಟ್ಟಿಯಲ್ಲಿ ಮಗುಚಿ ತೇಲುವುವು. ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವ ಉಪಾಯವನ್ನು ಉತ್ತರ ಸಮುದ್ರದವರೇ ಬಲ್ಲವರಾಗಿದ್ದರು. ಪಳಗಿದ ಕೈಗೆ ಅದು ಸಾಧ್ಯ; ಪಳಗದ ಕೈಯ ಸೂಜಿ ಒಳ ಅಂಗಗಳನ್ನು ತಾಗುವುದು. ಮೀನು ಮೇಲೇಳಲಾರದಷ್ಟು ಆಳದಲ್ಲಿ ಗಾಳ ಹಾಕದಿರುವುದೇ ನಮಗೆ ಹೆಚ್ಚು ಸರಿಯಾಗಿ ತೋರುವುದು.

ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ತೂಕ ಮುಗಿಸಿ ಬಿಟ್ಟ ಮೀನು ಬಾಲ ಬೀಸಿ ಮರೆಯಾಗುವುದನ್ನು ಕಂಡು ಜನ ಚಪ್ಪಾಳೆ ತಟ್ಟುವರು. ಆಯಾಸದಿಂದಲೂ, ಲೋಳೆ ಒರೆಸಿಹೋದೆಡೆಯಲ್ಲಿ ತಗುಲಿದ ರೋಗದಿಂದಲೂ ಅದು ಎರಡು ಮೂರು ದಿನಗಳ ಮೇಲೆ ಸಾಯಬಹುದು. ಮುಳುಗಿದ ಹೆಣವನ್ನು ಎಣಿಸುವವರು ಯಾರು? ಮೀನುಗಳನ್ನು ಬಲೆಯ ಆವರಣದಲ್ಲಿ ಕೆಲವು ದಿನ ಇರಿಸಿ ನೋಡಿದ ವಿಜ್ಞಾನಿಗಳಿಗೆ, ನೀರು ಬೆಚ್ಚಗಿದ್ದಷ್ಟೂ ಈ ತಡವಾದ ಸಾವು ಹೆಚ್ಚೆಂದು ತಿಳಿದುಬಂದಿದೆ. ವಸಂತದಲ್ಲಿ ಇನ್ನೊಂದು ನಷ್ಟವೂ ಉಂಟು: ಬ್ಯಾಸ್ ಮೀನಿನ ಗಂಡು ಗೂಡಿನಲ್ಲಿ ಮೊಟ್ಟೆಗಳನ್ನು ಕಾಯುತ್ತಿರುವುದು, ಅದು ತೊಟ್ಟಿಯಲ್ಲಿರುವಷ್ಟು ಹೊತ್ತಿನಲ್ಲಿ ಬೇರೆ ಮೀನುಗಳು ಗೂಡನ್ನು ಬರಿದುಮಾಡುವುವು.

ಈಗ ಕೆಲವು ಪಂದ್ಯಗಳಲ್ಲಿ ಹಿಡಿದೊಡನೆಯೇ ದೋಣಿಯಲ್ಲಿ ತೂಗಿ ಅಲ್ಲಿಯೇ ಬಿಡುವರು. ತೊಟ್ಟಿಯನ್ನೇ ಬಳಸುವವರು ಬೇಸಗೆಯಲ್ಲಿ ಮುಂಜಾನೆ ಆರಂಭಿಸಿ ಬಿಸಿಲೇರುವುದರೊಳಗೆ ತೂಕ ಮುಗಿಸಬೇಕು. ಒದ್ದೆಯ ಕೈಯಿಂದ ಮುಟ್ಟಬೇಕು, ಒಣಬಟ್ಟೆಯನ್ನು ತಾಗಿಸಬಾರದು. ಬಿಡುವಾಗ ಕಟ್ಟೆಯ ಬಳಿಯ ಬೆಚ್ಚನೆಯ ನೀರನ್ನು ಬಿಟ್ಟು, ಆಳವೂ ತಂಪೂ ಉಳ್ಳ ಕಡೆಗೆ ಕೊಂಡೊಯ್ಯಬೇಕು.