ಬಣ್ಣ ಹಚ್ಚಿ ದುಡಿದ ಉಮಾಶ್ರೀ

ಅಕ್ಕಂದಿರೇ, ಟಿ.ವಿ.ಯ ಪುಟ್ಟಕ್ಕ ನಿಮಗೆ ಗೊತ್ತಲ್ಲ? ಗಂಡ ಬಿಟ್ಟರೂ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದಾಕಿ. 2021ರಲ್ಲಿ ಶುರುವಾದ ಆ ಧಾರಾವಾಹಿಯ ಪುಟ್ಟಕ್ಕ ನಮ್ಮ ಉಮಾಶ್ರೀ.

ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಗಂಡನಿಂದ ದೂರಾದರು. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದರು. ನಮ್ಮ ಭಾಗ್ಯನಗರದಲ್ಲಿ ಹೆಣ್ಣುಮಕ್ಕಳು ಕೂದಲು ಬಿಡಿಸಿ ಕೂಲಿ ತರ್ತಾರೆ. ಉಮಾಶ್ರೀ ಬಣ್ಣ ಹಚ್ಚಿ ತಂದರು. ಅದೂ ದುಡಿಮೆಯೇ. ಆದರೆ ನಾಟಕದ ಹೆಣ್ಣು ಅಂದರೆ ಜನ ಹಗುರಾಗಿ ಮಾತಾಡ್ತಾರೆ.

‘ಒಡಲಾಳ’ ಅಂತ ಒಂದು ನಾಟಕ. ದೇವನೂರ ಮಹಾದೇವ ಅವರ ಕತೆ. ಅದರಲ್ಲಿ ಸಾಕವ್ವ ಎಂಬ ಬಡ ಮುದುಕಿ ಕಳೆದುಹೋದ ಹುಂಜ ಹುಡುಕುತ್ತಾಳೆ. ಉಮಾಶ್ರೀ ಇನ್ನೂ ಹರೆಯದಲ್ಲಿದ್ದಾಗಲೇ ಆ ಮುದುಕಿಯಾದರು. ನೋಡಿದವರು ಮರೆಯಲಿಲ್ಲ.

ಸಿನಿಮಾದಲ್ಲಿ ಹಂಗಾಗಲಿಲ್ಲ. 1984ರ ‘ಅನುಭವ’ದಿಂದ ಹೆಸರು ಬಂತು, ಖರೆ. ಆಮೇಲೆ ಸಿಕ್ಕಿದ್ದು ಬಹಳ ಮಾಡಿ ನಗಿಸುವ ಪಾತ್ರಗಳೇ. ಮನೆ ನಡೀಬೇಕಲ್ಲ, ಮಾಡಿದರು.

ಕೊನೆಗೆ ಗಿರೀಶ ಕಾಸರವಳ್ಳಿ ಅವರು ‘ಗುಲಾಬಿ ಟಾಕೀಸ್’ಗೆ ಕರೆದರು. ಇದರಲ್ಲಿ ಗುಲಾಬಿ ಒಬ್ಬ ಸೂಲಗಿತ್ತಿ. ಸಿನಿಮಾ ಅಂದರೆ ಜೀವ ಬಿಡ್ತಾಳೆ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿ.ವಿ. ಸಿಗುತ್ತದೆ. ಅದನ್ನು ನೋಡಲು ಓಣಿಯ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಇಡೀ ದೇಶಕ್ಕೇ ಒಳ್ಳೆಯ ನಟಿ ಅಂತ ಕೊಡುವ ಪ್ರಶಸ್ತಿ ಅದು.

2013ರಲ್ಲಿ ಅವರು ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು. ಅಂಗನವಾಡಿ ನಡೆಸುವ ಇಲಾಖೆ ಅವರ ಕೈಯಲ್ಲಿತ್ತು. ಬಣ್ಣ ಮಾತ್ರ ಬಿಡಲಿಲ್ಲ. 2024ರಲ್ಲಿ ಹೊನ್ನಾವರದಲ್ಲಿ ಯಕ್ಷಗಾನಕ್ಕೂ ಇಳಿದರು, ಮಂಥರೆಯಾಗಿ.